ಪೈಲಟ್‌ಗೆ ಹಿಂದೆ ಕೂತವರು ಯಾರು: ಲೋಡ್‌ಶೀಟಿನ ತೂಕವೋ, ಮನೆಗೆ ಬಂದ ಬೀಗರೋ?

ಕೋಟೆಗುಡ್ಡ, ಬಳ್ಳಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಮುಗಿದಿದೆ, ಈಗ ಎಪ್ಪತ್ತು ಸೀಟಿನ ಪ್ರೊಪೆಲ್ಲರ್ ವಿಮಾನ ಎಟಿಆರ್ 72ರ ಟೈಪ್ ರೇಟಿಂಗ್ (ಆ ಮಾದರಿಗೇ ಬೇಕಾದ ತರಬೇತಿ) ನಡೀತಿದೆ. ಮುಂದೆ ಬೆಂಗಳೂರು–ವಿದ್ಯಾನಗರದಂಥ (ತೋರಣಗಲ್ಲಿನ ನಿಲ್ದಾಣ) ಸಣ್ಣ ಮಾರ್ಗಗಳೇ ಸಿಗುವ ಸಂಭವ ಹೆಚ್ಚು. ಎಂಜಿನ್‌ಗೆ, ಹೈಡ್ರಾಲಿಕ್‌ಗೆ, ಪರ್ಫಾರ್ಮೆನ್ಸ್‌ಗೆ ದಪ್ಪ ದಪ್ಪ ಮ್ಯಾನ್ಯುಯಲ್ ಇವೆ. ಹಿಂದೆ ಕೂತ ಎಪ್ಪತ್ತು ಜನರ ಜೊತೆ ಹೇಗಿರಬೇಕು ಅನ್ನೋದಕ್ಕೆ ಕ್ಲಾಸಿನಲ್ಲಿ ಸಿಕ್ಕಿದ್ದು ಹತ್ತು ನಿಮಿಷ. ಅದರಲ್ಲೂ ಒಬ್ಬ ಇನ್‌ಸ್ಟ್ರಕ್ಟರ್ "ಹಿಂದೆ ಇರೋದು ತೂಕ, ನೀನು ವಿಮಾನ ನೋಡ್ಕೋ, ಅವರನ್ನ ಕ್ಯಾಬಿನ್ ಕ್ರೂ ನೋಡ್ಕೊಳ್ತಾರೆ" ಅಂದರು. ಇನ್ನೊಬ್ಬರು "ಅವರು ನಿನ್ನ ಅತಿಥಿಗಳು" ಅಂದರು.

ನಮ್ಮ ಕಡೆಯ ವಿಮಾನಗಳಲ್ಲಿ ಮೊದಲ ಸಲ ಹತ್ತುವವರು ಬಹಳ. ತೋರಣಗಲ್ಲಿನ ಕಾರ್ಖಾನೆಗೆ ಬಂದುಹೋಗುವವರು, ಹಂಪಿ ನೋಡಲು ಬರುವವರು, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟ ವಯಸ್ಸಾದವರು. ಇವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ? ಲೇಟಾಗಿದೆ ಅಂತ ಒತ್ತಡ ಹಾಕಿದರೆ ಹೇಗೆ? ಹಂಪಿ ಉತ್ಸವದಲ್ಲಿ ಹೆಲಿಕಾಪ್ಟರ್ ಹಾರಿಸುವವರು ಜನರನ್ನ ಹೇಗೆ ನೋಡಿಕೊಳ್ತಾರೆ ಅನ್ನೋದೂ ಬೇಕು. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಎಡಗಡೆ ಸೀಟು

ತಮ್ಮಾ, ಇಬ್ಬರೂ ಅರ್ಧರ್ಧ ಹೇಳ್ಯಾರ. ತೂಕದಿಂದಲೇ ಶುರು ಮಾಡೋಣ, ಯಾಕಂದ್ರೆ ತೂಕದ ಲೆಕ್ಕ ಸರಿಯಾಗಿ ಮಾಡೋದೇ ಪ್ಯಾಸೆಂಜರ್‌ಗೆ ಕೊಡುವ ಮೊದಲ ಮರ್ಯಾದೆ.

ನಮ್ಮಲ್ಲಿ ಲೋಡ್‌ಶೀಟಿಗೆ (ವಿಮಾನದ ತೂಕದ ಲೆಕ್ಕದ ಹಾಳೆ) ದೊಡ್ಡವರನ್ನ ಕೈಚೀಲ ಸೇರಿ 75 ಕೆಜಿ ಅಂತ ಹಿಡೀತಾರೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳು 35, ಕೂಸು 10. ಇದು ಸರಾಸರಿ. ವಿಮಾನ ತುಂಬಿದಾಗ ಸರಾಸರಿ ನಡೆಯುತ್ತೆ. ಇಪ್ಪತ್ತೇ ಜನ ಇದ್ದು ಎಲ್ಲರೂ ಹಿಂದಿನ ಸಾಲುಗಳಲ್ಲಿ ಕೂತರೆ ನಡೆಯಲ್ಲ. ಎಟಿಆರ್‌ನಲ್ಲಿ ಜನ ಹತ್ತೋದು ಹಿಂದಿನ ಬಾಗಿಲಿಂದ. ಹತ್ತಿದವರು ಅಲ್ಲೇ ಬಾಗಿಲ ಹತ್ತಿರ ಕೂತುಬಿಟ್ಟರೆ ಗುರುತ್ವ ಕೇಂದ್ರ ಹಿಂದಕ್ಕೆ ಜಾರುತ್ತೆ. ನಿಂತ ವಿಮಾನದ ಬಾಲಕ್ಕೆ ಊರುಗೋಲು ಕೊಡೋದೂ ಇದಕ್ಕೇ. ಹಂಗಾಗಿ "ಖಾಲಿ ಸೀಟು ಐತಲ್ಲ, ಇಲ್ಲೇ ಕೂಡ್ತೀನಿ" ಅಂದವರನ್ನ ಕ್ರೂ ಎಬ್ಬಿಸಬೇಕಾಗುತ್ತೆ. ಕಾರಣ ಹೇಳದೆ ಎಬ್ಬಿಸಿದರೆ ಅದು ಅವಮಾನ. "ತಕ್ಕಡಿ ಸಮ ಇರಬೇಕು, ಅದಕ್ಕೇ ಸೀಟು ಹಂಚೇವಿ" ಅಂದ್ರೆ ಸಂತೆಗೆ ಹೋದ ಯಾರಿಗಾದ್ರೂ ತಿಳಿಯುತ್ತೆ.

ಈಗ ಅತಿಥಿ ಅನ್ನೋ ಮಾತು. ಅತಿಥಿ ಅಂದ್ರೆ ಅವರು ಕೇಳಿದ್ದನ್ನ ಕೊಡಬೇಕು ಅನ್ನಿಸುತ್ತೆ. ಪೈಲಟ್ ಕೆಲಸ ಹಂಗಿಲ್ಲ. ನನ್ನ ಪ್ರಕಾರ ಪ್ಯಾಸೆಂಜರ್ ಅಂದ್ರೆ ಕಿಟಕಿಯಿಂದ ಪಕ್ಕ ಮಾತ್ರ ಕಾಣುವ ಮನುಷ್ಯ. ಮುಂದೇನೈತಿ ಅನ್ನೋದು ಕಾಣೋದು ನಿನಗೆ ಮತ್ತು ನಿನ್ನ ಜೊತೆಯವನಿಗೆ ಮಾತ್ರ. ಎಂಜಿನ್ ಸದ್ದು ಬದಲಾದರೆ, ವಿಮಾನ ವಾಲಿದರೆ, ರನ್‌ವೇ ಕಂಡರೂ ಇಳಿಯದೆ ಮೇಲೆದ್ದರೆ ಅವರ ಹತ್ತಿರ ಊಹೆ ಬಿಟ್ಟು ಮತ್ತೇನೂ ಇಲ್ಲ. ಆದ್ದರಿಂದ ಅವರಿಗೆ ನಿನ್ನಿಂದ ಸಲ್ಲಬೇಕಾದ್ದು ಎರಡು: ಅವರ ಒತ್ತಡಕ್ಕೆ ಬಗ್ಗದ ನಿರ್ಧಾರ, ಆ ನಿರ್ಧಾರದ ಬಗ್ಗೆ ಹೊತ್ತಿಗೆ ಸರಿಯಾಗಿ ನಿಜವಾದ ನಾಲ್ಕು ಮಾತು.

ನಿರ್ಧಾರದ ವಿಷಯ ಮೊದಲು. 2010ರ ಮೇ 22ರ ಮಂಗಳೂರು ಅಪಘಾತ ಪ್ರತಿಯೊಬ್ಬ ಕೋ-ಪೈಲಟ್ ಓದಬೇಕು. ವಿಮಾನ ಇಳಿಯುವ ಹಾದಿಗಿಂತ ಬಹಳ ಮೇಲಿತ್ತು, ಕೋ-ಪೈಲಟ್ ಮೂರು ಸಲ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲಕ್ಕೇಳೋದು) ಅಂದರೂ ಕ್ಯಾಪ್ಟನ್ ಇಳಿಸಲು ಮುಂದಾದರು. 166 ಜನರಲ್ಲಿ 158 ಜನ ತೀರಿಕೊಂಡರು. ಗೋ-ಅರೌಂಡ್ ಮಾಡಿದರೆ ಜನ ಏನಂದುಕೊಂಡಾರು, ಲ್ಯಾಂಡಿಂಗ್ ಬರಲ್ಲ ಅಂದಾರು ಅನ್ನೋ ಸಂಕೋಚ ಇವತ್ತಿಗೂ ಎಷ್ಟೋ ಕಾಕ್‌ಪಿಟ್‌ಗಳಲ್ಲಿ ಐತಿ. ಅದನ್ನ ಟ್ರೇನಿಂಗ್‌ನಲ್ಲೇ ಕಿತ್ತೆಸಿ. ಅಪ್ರೋಚ್ (ರನ್‌ವೇ ಕಡೆ ಇಳಿದು ಬರೋದು) ಸ್ಥಿರ ಇಲ್ಲ ಅಂದ್ರೆ ಮೇಲಕ್ಕೆದ್ದು ಇನ್ನೊಂದು ಸುತ್ತು ಬಾ. ಅದಕ್ಕೆ ಹಿಂದಿನವರ ಒಪ್ಪಿಗೆ ಬೇಕಿಲ್ಲ. ಆಮೇಲೆ ಅವರಿಗೆ ವಿವರಣೆ ಕೊಡಬೇಕು, ಅಷ್ಟೇ. ಮಂಗಳೂರಿನ ಪಾಠ ನಿನಗೆ ಇನ್ನೂ ಹತ್ತಿರದ್ದು, ಯಾಕಂದ್ರೆ ನೀನು ಕೂಡೋದು ಬಲಗಡೆ, ಕೋ-ಪೈಲಟ್ ಸೀಟಿನಾಗ. ಅಲ್ಲಿ ಕೂತವನು ಹಿಂದಿನವರ ಪರವಾಗಿ ಬಾಯಿ ತೆರೆಯಬೇಕಾದವನು. ಹೇಳಿದ್ದು ಕೇಳದಿದ್ದರೆ ಮುಂದಿನ ಹೆಜ್ಜೆ ಏನು ಅನ್ನೋದು ನಿಮ್ಮ ಕಂಪನಿಯ ಎಸ್‌ಒಪಿಯಲ್ಲಿ (ಕೆಲಸದ ನಿಗದಿತ ಕ್ರಮದ ಪುಸ್ತಕ) ಇರುತ್ತೆ. ಮೊದಲ ಹಾರಾಟಕ್ಕೆ ಮುಂಚೆ ಆ ಪುಟ ಬಾಯಿಪಾಠ ಆಗಿರಲಿ.

ಇನ್ನು ಮಾತು. ಗೋ-ಅರೌಂಡ್ ಆದ ಕೂಡಲೇ ಮೈಕ್ ಹಿಡೀಬ್ಯಾಡ. ಪವರ್, ರೆಕ್ಕೆಯ ಫ್ಲಾಪ್, ಗೇರ್ (ಚಕ್ರ), ದಿಕ್ಕು, ಎಟಿಸಿ (ನೆಲದ ವಿಮಾನ ಸಂಚಾರ ನಿಯಂತ್ರಣ), ಸುರಕ್ಷಿತ ಎತ್ತರ, ಚೆಕ್‌ಲಿಸ್ಟ್. ಇದೆಲ್ಲಾ ಮುಗಿಯೋಕೆ ಮೂರ್ನಾಲ್ಕು ನಿಮಿಷ. ಅಷ್ಟೊತ್ತು ಹಿಂದೆ ಜನ ಉಸಿರು ಹಿಡಿದು ಕೂತಿರ್ತಾರ. ಅದಕ್ಕೇ ಕ್ರೂ ಜೊತೆ ಮೊದಲೇ ಮಾತಾಡಿಕೊಂಡಿರಬೇಕು: ನಾವು ಮಾತಾಡೋ ತನಕ ನೀವು ಒಂದು ಸಾಲು ಹೇಳ್ರಿ, "ಪೈಲಟ್ ಇನ್ನೊಂದು ಸುತ್ತು ಬಂದು ಇಳಿಸುತ್ತಾರೆ, ಬೆಲ್ಟ್ ಹಾಕಿಕೊಂಡೇ ಇರಿ" ಅಂತ. ಆಮೇಲೆ ನಿನ್ನ ಸರದಿ. ಮಾದರಿ ಹಿಂಗಿರಲಿ:

"ನಮಸ್ಕಾರ, ಕಾಕ್‌ಪಿಟ್‌ನಿಂದ ಮಾತಾಡ್ತಾ ಇದ್ದೇನೆ. ಇಳಿಯುವ ಹೊತ್ತಿಗೆ ರನ್‌ವೇ ಮೇಲೆ ಅಡ್ಡಗಾಳಿ ಜಾಸ್ತಿಯಾಯಿತು, ಹಾಗಾಗಿ ಮೇಲೆ ಬಂದೆವು. ಇದು ನಾವು ಯಾವಾಗಲೂ ಅಭ್ಯಾಸ ಮಾಡುವ ವಿಧಾನ. ಈಗ ಸುತ್ತಿ ಬಂದು ಇನ್ನೊಮ್ಮೆ ಇಳಿಯಲು ಹತ್ತು ನಿಮಿಷ ಬೇಕು. ಆಗಲೂ ಗಾಳಿ ಕಡಿಮೆಯಾಗದಿದ್ದರೆ ಬೆಂಗಳೂರಿಗೆ ಹಿಂತಿರುಗುತ್ತೇವೆ. ಅದಕ್ಕೆ ಬೇಕಾದ ಇಂಧನ ನಮ್ಮಲ್ಲಿದೆ."

ಏನಾಯ್ತು, ಏನು ಮಾಡ್ತೀವಿ, ಎಷ್ಟು ಹೊತ್ತು, ಆಗದಿದ್ದರೆ ಏನು. ನಾಲ್ಕೂ ಮೂವತ್ತು ಸೆಕೆಂಡಿನಾಗ ಮುಗೀತಾವ. ಇಂಧನದ ಸಾಲು ಬಿಡಬ್ಯಾಡ, ಸುತ್ತು ಹೊಡೆಯೋ ವಿಮಾನದಾಗ ಎಲ್ಲರ ತಲೆಯೊಳಗೂ ಅದೇ ಪ್ರಶ್ನೆ. ಆ ಸಾಲು ನಿಜವೂ ಹೌದು. ದಾರಿಯ ಇಂಧನದ ಮೇಲೆ ಹೆಚ್ಚುವರಿ ಪಾಲು, ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೂ 30 ನಿಮಿಷದ ಕೊನೆಯ ಮೀಸಲು ಇಟ್ಟೇ ನಾವು ಹೊರಡೋದು. "ಗಾಬರಿಯಾಗಬೇಡಿ" ಅನ್ನೋ ಮಾತು ಮಾತ್ರ ಎಂದೂ ಬ್ಯಾಡ. ಅಲ್ಲೀವರೆಗೂ ಗಾಬರಿಯಾಗದವನೂ ಆ ಮಾತಿಗೆ ಎದ್ದು ಕೂಡ್ತಾನ.

1982ರ ಜೂನ್‌ನಲ್ಲಿ ಜಾವಾ ಹತ್ತಿರ ಜ್ವಾಲಾಮುಖಿ ಬೂದಿಗೆ ಸಿಕ್ಕು ಬ್ರಿಟಿಷ್ ಏರ್‌ವೇಸ್ 9ನೇ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು. ಕ್ಯಾಪ್ಟನ್ ಎರಿಕ್ ಮೂಡಿ ಜನರಿಂದ ಮುಚ್ಚಿಡಲಿಲ್ಲ. ಎಂಜಿನ್ ನಿಂತಿವೆ, ಮತ್ತೆ ಶುರು ಮಾಡಲು ಶ್ರಮಿಸುತ್ತಿದ್ದೇವೆ ಅಂತ ಶಾಂತ ದನಿಯಲ್ಲಿ ಹೇಳಿದರು. ಎಂಜಿನ್ ಮತ್ತೆ ಹತ್ತಿಕೊಂಡವು, ಎಲ್ಲರೂ ಜಕಾರ್ತದಲ್ಲಿ ಜೀವಂತ ಇಳಿದರು. ಅಂಥ ಹೊತ್ತಿನಾಗೇ ಹೇಳೋಕಾಯ್ತು ಅಂದ್ಮ್ಯಾಲೆ ನಲವತ್ತು ನಿಮಿಷ ಲೇಟಿಗೆ ನಿಜ ಹೇಳೋಕೆ ನಮಗೇನು ಕಷ್ಟ?

ಮೈಕಿನ ಎರಡು ಸೂಕ್ಷ್ಮ. ಆಡಿಯೋ ಪ್ಯಾನೆಲ್‌ನಲ್ಲಿ ಪಿಎ (ಕ್ಯಾಬಿನ್‌ಗೆ ಕೇಳಿಸುವ ಧ್ವನಿವರ್ಧಕ) ಒತ್ತಿದೆಯೋ ಎಟಿಸಿ ರೇಡಿಯೋ ಒತ್ತಿದೆಯೋ ಕಣ್ಣಿಟ್ಟು ನೋಡು. ತಪ್ಪಿದರೆ ನಿನ್ನ ಸ್ವಾಗತ ಭಾಷಣ ಇಡೀ ಫ್ರೀಕ್ವೆನ್ಸಿಗೆ ಹೋಗಿ ಬೇರೆ ವಿಮಾನಗಳ ಮಾತು ಮುಚ್ಚುತ್ತೆ. ಮಾತಾಡೋ ಮುಂಚೆ ಜೊತೆಯವರಿಗೆ "ರೇಡಿಯೋ ನಿಮ್ಮದು" ಅಂತ ಒಪ್ಪಿಸು. ಇನ್ನೊಂದು, ಗುಂಡಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಶುರು ಮಾಡು, ಇಲ್ಲಾಂದ್ರೆ ಮೊದಲ ಪದ ನುಂಗಿಹೋಗುತ್ತೆ. ಪ್ರೊಪೆಲ್ಲರ್ ಪಕ್ಕದ ಸಾಲುಗಳಲ್ಲಿ ಸದ್ದು ಜೋರು, ಅದಕ್ಕೇ ಮೈಕ್ ತುಟಿಗೆ ಹತ್ತಿರ, ಮಾತು ನಿಧಾನ. ಕನ್ನಡದಲ್ಲಿ ಹೇಳೋಕೆ ಕಂಪನಿ ಬಿಟ್ಟರೆ ಖಂಡಿತ ಹೇಳು, ಈ ಮಾರ್ಗದಲ್ಲಿ ಅದು ಮೊದಲ ಭಾಷೆಯಾಗಬೇಕು.

ಸೀಟ್ ಬೆಲ್ಟ್ ಗಂಗಾವತಿ

ಎಡಗಡೆ ಸೀಟು ಸರ್ ಹೇಳಿದ್ದಕ್ಕೆ ಕ್ಯಾಬಿನ್ ಕಡೆಯಿಂದ ಸೇರಿಸ್ತೀನಿ. ಕೋಟೆಗುಡ್ಡ ಅವರೇ, "ಕ್ಯಾಬಿನ್ ಕ್ರೂ ನೋಡ್ಕೊಳ್ತಾರೆ" ಅನ್ನೋದು ಸರಿ, ಆದರೆ ನೀವು ಹೇಳಿದರೆ ತಾನೇ ನಮಗೆ ಗೊತ್ತಾಗೋದು? ಎಟಿಆರ್ 72ರಲ್ಲಿ ಕ್ರೂ ಇಬ್ಬರೇ. ಪೈಲಟ್ ನಮ್ಮ ಜೊತೆ ಹೇಗೆ ಮಾತಾಡ್ತಾರೋ ಪ್ಯಾಸೆಂಜರ್ ಜೊತೆಗಿನ ಅವರ ನಡವಳಿಕೆಯೂ ಹಾಗೇ ಇರುತ್ತೆ.

ಹಾರಾಟಕ್ಕೆ ಮುಂಚಿನ ಬ್ರೀಫಿಂಗ್‌ನಲ್ಲಿ "ಹವಾಮಾನ ಓಕೆ" ಅಂದರೆ ನಮಗೆ ಉಪಯೋಗವಿಲ್ಲ. "ಹೊರಟ ಹದಿನೈದನೇ ನಿಮಿಷದಿಂದ ಹತ್ತು ನಿಮಿಷ ಎತ್ತಾಕುತ್ತೆ, ಇಳಿಯುವಾಗಲೂ ಎತ್ತಾಕುತ್ತೆ, ಬಿಸಿ ನೀರು ಮಧ್ಯದಲ್ಲಷ್ಟೇ ಕೊಡಿ" ಅಂದರೆ ಅದು ಬ್ರೀಫಿಂಗ್. ಏಪ್ರಿಲ್, ಮೇ ಮಧ್ಯಾಹ್ನ ನಮ್ಮ ಸೀಮೆಯ ಬಂಡೆಗುಡ್ಡಗಳೂ ಬೋಳು ಹೊಲಗಳೂ ಕಾದ ಹೆಂಚಿನಂತಾಗಿ ಬಿಸಿಗಾಳಿ ಮೇಲೇಳುತ್ತೆ. ಇಳಿಯುವ ಕೊನೆಯ ಕೆಲವು ಸಾವಿರ ಅಡಿಯಲ್ಲಿ ಅದರ ಕುಲುಕಾಟ ಜಾಸ್ತಿ. ವಿಮಾನಕ್ಕೆ ಅದರಿಂದ ಏನೂ ಆಗಲ್ಲ, ಬೆಲ್ಟ್ ಹಾಕದವರಿಗೆ ಆಗುತ್ತೆ. ಆದ್ದರಿಂದ ಬೆಲ್ಟ್ ದೀಪ ಹಚ್ಚಿ ಸುಮ್ಮನಾಗಬೇಡಿ. ಕುಲುಕಾಟ ಜೋರಾಗುವ ಹಾಗಿದ್ದರೆ ಪಿಎಯಲ್ಲಿ ಕ್ರೂ ಕೂಡ್ರಿ ಅಂತ ಬೇರೆಯಾಗಿ ಹೇಳಿ. ದೀಪ ಮಾತ್ರ ಹತ್ತಿದರೆ ನಾವು ಜನರ ಬೆಲ್ಟ್ ನೋಡಲು ಎದ್ದು ನಡೀತೀವಿ, ಪೆಟ್ಟು ಬೀಳೋದು ಆಗಲೇ. ಹಾಗೆಯೇ ಗಾಳಿ ಶಾಂತವಾದ ಮೇಲೂ ಅರ್ಧ ತಾಸು ದೀಪ ಹಚ್ಚಿಟ್ಟರೆ ಜನ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಮೊದಲ ಸಲ ಹತ್ತಿದವರಿಗೆ ಹೆದರಿಕೆ ಹುಟ್ಟಿಸುವ ಸಂಗತಿಗಳು ಪೈಲಟ್‌ಗೆ ಕಾಣೋದೇ ಇಲ್ಲ, ಯಾಕಂದರೆ ನಿಮಗೆ ಅವು ದಿನನಿತ್ಯದವು. ಒಂದು, ನಿಂತ ಪ್ರೊಪೆಲ್ಲರ್. ಎಟಿಆರ್‌ಗೆ ಬಾಲದಲ್ಲಿ ಪ್ರತ್ಯೇಕ ಸಣ್ಣ ಎಂಜಿನ್ ಇಲ್ಲ. ನೆಲದ ಮೇಲೆ ಬಲ ಎಂಜಿನ್ನಿನ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸಿ ಕರೆಂಟು, ತಂಪುಗಾಳಿ ತಗೊಳ್ತೀರಿ, ಹೋಟೆಲ್ ಮೋಡ್ ಅಂತೀರಿ. ಕಿಟಕಿಯಿಂದ ನೋಡಿದವರಿಗೆ ಎಂಜಿನ್ ಸದ್ದು ಇದೆ, ಫ್ಯಾನ್ ತಿರುಗ್ತಿಲ್ಲ. ಇನ್ನೊಂದು, ಮಳೆಗಾಲದಲ್ಲಿ ತಲೆ ಮೇಲಿನ ಗಾಳಿಕಿಂಡಿಯಿಂದ ಬರುವ ಬಿಳಿ ಹಬೆ. ತೇವದ ಗಾಳಿ ತಟ್ಟನೆ ತಂಪಾಗಿ ಮಂಜಾಗೋದು ಅಷ್ಟೇ, ಆದರೆ ನೋಡಿದವರು ಹೊಗೆ ಅಂತ ಕೂಗ್ತಾರೆ. ಆಮೇಲೆ ಚಕ್ರ ಒಳಗೆ ಹೋಗುವ ಧಡ್ ಸದ್ದು, ಮೇಲೇರಿದ ಮೇಲೆ ಪ್ರೊಪೆಲ್ಲರ್ ದನಿ ಇಳಿಯೋದು. ಇವನ್ನ ಹೊರಡುವ ಮುಂಚೆಯೇ ಎರಡು ಸಾಲಿನಲ್ಲಿ ಹೇಳಿದರೆ ನಮಗೆ ಕರೆಗಂಟೆ ಅರ್ಧಕ್ಕರ್ಧ ಕಡಿಮೆ.

ಹೋಟೆಲ್ ಮೋಡ್ ಅಂದೆನಲ್ಲ, ಅದು ಜನರ ಮೇಲಿನ ಕಾಳಜಿಯೂ ಹೌದು. 42 ಡಿಗ್ರಿ ಬಿಸಿಲಲ್ಲಿ ನಿಂತ ವಿಮಾನದೊಳಗೆ ಜನರನ್ನ ಹತ್ತಿಸಿ ಆಮೇಲೆ ತಂಪು ಶುರು ಮಾಡೋದು ತಪ್ಪು. ಮೊದಲು ಕ್ಯಾಬಿನ್ ತಣ್ಣಗಾಗಲಿ. ಹಿಂದಿನಿಂದ ಬೀಸುವ ಗಾಳಿಗೆ ಮಿತಿ ಇರೋದರಿಂದ ಕೆಲವೊಮ್ಮೆ ಹೋಟೆಲ್ ಮೋಡ್ ಆಗಲ್ಲ. ಆಗ ಕಿಟಕಿ ಪರದೆ ಇಳಿಸಿ, ಜನರನ್ನ ಟರ್ಮಿನಲ್‌ನಲ್ಲೇ ಇನ್ನಷ್ಟು ಹೊತ್ತು ಇರಿಸಲು ಗ್ರೌಂಡ್‌ಗೆ ಹೇಳಿ. ಬಿಪಿ, ಸಕ್ಕರೆ ಇರುವ ವಯಸ್ಸಾದವರು ಒಳಗೆ ಇಪ್ಪತ್ತು ನಿಮಿಷ ಬೆಂದರೆ ಮೇಲೆ ಹೋದ ಮೇಲೆ ತಲೆಸುತ್ತು ಬಂದು ಬೀಳ್ತಾರೆ.

ಕಿವಿನೋವು. ಇಳಿಯೋದು ಗಡಿಬಿಡಿಯಾದರೆ ಕ್ಯಾಬಿನ್ ಒತ್ತಡ ಬೇಗ ಬದಲಾಗುತ್ತೆ, ಕೂಸುಗಳು ಚೀರ್ತವೆ. ಆದಷ್ಟೂ ಬೇಗ ಶುರು ಮಾಡಿ ನಿಧಾನ ಇಳಿಸಿ. ಕ್ಯಾಬಿನ್ ಎತ್ತರ (ಒಳಗಿನ ಗಾಳಿಯ ಒತ್ತಡ ಎಷ್ಟು ಎತ್ತರದ್ದಕ್ಕೆ ಸಮ ಅನ್ನೋ ಲೆಕ್ಕ) ನಿಮಿಷಕ್ಕೆ 500 ಅಡಿಯೊಳಗೆ ಇಳಿದರೆ ಹೆಚ್ಚಿನವರಿಗೆ ತೊಂದರೆಯಾಗಲ್ಲ. ಇಳಿಯಲು ಶುರು ಮಾಡೋ ಎರಡು ನಿಮಿಷ ಮುಂಚೆ ನಮಗೆ ತಿಳಿಸಿದರೆ ತಾಯಂದಿರಿಗೆ ಹಾಲು ಕುಡಿಸಲು ಹೇಳ್ತೀವಿ, ನಿದ್ದೆ ಮಾಡ್ತಿರೋರನ್ನ ಎಬ್ಬಿಸ್ತೀವಿ. ನಿದ್ದೆಯಲ್ಲಿ ಎಂಜಲು ನುಂಗೋದು ಕಡಿಮೆ, ಎದ್ದಾಗ ಕಿವಿ ಮುಚ್ಚಿರುತ್ತೆ.

ತುರ್ತು ಬಾಗಿಲ ಸಾಲು ಎಟಿಆರ್‌ನಲ್ಲಿ ಮುಂದಿದೆ. ಕಾಲು ಚಾಚಲು ಜಾಗ ಅಂತ ಅದನ್ನ ಕೇಳ್ತಾರೆ. ಅಲ್ಲಿ ಕೂತವರಿಗೆ ನಾವು ಹೇಳಿದ ಭಾಷೆ ತಿಳಿಯಬೇಕು, ತಿಳಿಯಿತು ಅಂತ ಅವರು ಬಾಯಿಬಿಟ್ಟು ಹೇಳಬೇಕು. ಬಾಗಿಲು ಯಾವಾಗ ತೆಗೆಯಬೇಕು ಅನ್ನೋದಕ್ಕಿಂತ ಯಾವಾಗ ತೆಗೆಯಬಾರದು ಅನ್ನೋದು ಮುಖ್ಯ: ಹೊರಗೆ ಬೆಂಕಿ ಕಂಡರೆ, ಪ್ರೊಪೆಲ್ಲರ್ ತಿರುಗ್ತಿದ್ದರೆ ತೆಗೆಯಬಾರದು. ಇಂಗ್ಲಿಷ್ ಗೊತ್ತಿಲ್ಲದ ರೈತರೊಬ್ಬರಿಗೆ ಕನ್ನಡದಲ್ಲಿ ಚೆನ್ನಾಗಿ ಹೇಳಿದರೆ ಅವರಷ್ಟು ಗಟ್ಟಿ ಕೈ ಅಲ್ಲಿ ಇನ್ಯಾರದೂ ಇಲ್ಲ.

ನಿಜವಾದ ತುರ್ತು ಬಂದರೆ ನಮಗೆ ನಾಲ್ಕು ವಿಷಯ ಬೇಕು: ಏನಾಗಿದೆ, ಏನು ಮಾಡ್ತೀರಿ, ಎಷ್ಟು ನಿಮಿಷ ಇದೆ, ವಿಶೇಷ ಸೂಚನೆ ಏನು. ನಾವದನ್ನ ತಿರುಗಿ ಒಪ್ಪಿಸ್ತೀವಿ, ನೀವು ಸರಿ ಅನ್ನಬೇಕು. "ಎಷ್ಟು ನಿಮಿಷ" ಬಿಟ್ಟರೆ ಉಳಿದಿದ್ದೆಲ್ಲ ವ್ಯರ್ಥ. ಐದು ನಿಮಿಷ ಇದ್ದರೆ ಒಂದು ತಯಾರಿ, ಇಪ್ಪತ್ತು ಇದ್ದರೆ ಇನ್ನೊಂದು.

ಕೋಟೆಗುಡ್ಡ, ಬಳ್ಳಾರಿ

ಇಬ್ಬರಿಗೂ ಶರಣು. ಹಬೆಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಲೇಟಾದಾಗ ಕೂಗಾಡುವವರ ಬಗ್ಗೆ ಇನ್ನಷ್ಟು ಬೇಕು. ಪೈಲಟ್ ಹೊರಬಂದು ಮಾತಾಡಬೇಕೇ, ಬಾಗಿಲು ಮುಚ್ಚಿಕೊಂಡು ಕೂಡಬೇಕೇ?

ತೋರಣಗಲ್ಲು ರ‍್ಯಾಂಪ್

ಗ್ರೌಂಡ್ ಕೆಲಸದ ಕಡೆಯಿಂದ ಹೇಳ್ತೀನಿ. ಬಾಗಿಲು ಇನ್ನೂ ತೆರೆದಿದ್ದು ಕಾಕ್‌ಪಿಟ್‌ನಲ್ಲಿ ಒಬ್ಬರು ಕೂತಿರೋಕಾದರೆ, ಕ್ಯಾಪ್ಟನ್ ಕ್ಯಾಬಿನ್‌ಗೆ ಬಂದು ಮುಖ ತೋರಿಸಿ ಮಾತಾಡೋದು ಎಲ್ಲಕ್ಕಿಂತ ಒಳ್ಳೇದು. ಮೈಕಿನ ದನಿಗೆ ಬೈಯೋ ಮನುಷ್ಯ ಎದುರು ನಿಂತವರಿಗೆ ಹಂಗೆ ಬೈಯಲ್ಲ. ಆದರೆ ಚೌಕಾಸಿಗೆ ನಿಲ್ಲಬಾರದು. "ಇನ್ನೈದು ನಿಮಿಷದಾಗ ಬಿಡ್ತೀವಿ" ಅನ್ನೋ ಸಮಾಧಾನದ ಸುಳ್ಳು ಹೇಳಿ ಆರನೇ ನಿಮಿಷಕ್ಕೆ ಸಿಕ್ಕಿಬೀಳೋದು ಗ್ರೌಂಡ್‌ನವರು. ಗೊತ್ತಿದ್ದಷ್ಟು ಹೇಳಿ, ಮುಂದಿನ ಸುದ್ದಿ ಯಾವಾಗ ಕೊಡ್ತೀರಿ ಅನ್ನೋ ಹೊತ್ತು ಹೇಳಿ. ಹದಿನೈದು ನಿಮಿಷ ಅಂದರೆ ಹದಿನೈದಕ್ಕೆ ಬನ್ನಿ. ಹೊಸದೇನೂ ಇಲ್ಲದಿದ್ದರೂ "ಹೊಸದೇನೂ ಇಲ್ಲ" ಅನ್ನಲಿಕ್ಕಾದರೂ ಬನ್ನಿ.

ಕಾರಣವನ್ನ "ತಾಂತ್ರಿಕ ಕಾರಣ" ಅಂತ ಮುಗಿಸಬಾರದು. ಆ ಎರಡು ಪದ ಕೇಳಿದರೆ ಜನ ರೆಕ್ಕೆ ಮುರಿದಿದೆ ಅಂದುಕೊಳ್ತಾರೆ. "ಒಂದು ಟೈರು ಸವೆದಿದೆ, ಬದಲಿಸ್ತಿದ್ದೀವಿ, ಮುಕ್ಕಾಲು ತಾಸು ಬೇಕು" ಅಂದರೆ ಬಸ್ಸಿನ ಟೈರು ಕಂಡ ಊರಿನವರಿಗೆ ಮುಂದಿನದನ್ನ ವಿವರಿಸಬೇಕಿಲ್ಲ.

ಪ್ಯಾಸೆಂಜರ್‌ನ ಹಕ್ಕೂ ಪೈಲಟ್‌ಗೆ ಗೊತ್ತಿರಲಿ. ಎರಡೂವರೆ ತಾಸಿನೊಳಗಿನ ಹಾರಾಟಕ್ಕೆ ಎರಡು ತಾಸು ಅಥವಾ ಹೆಚ್ಚು ತಡವಾದರೆ ಊಟ-ತಿಂಡಿ ಕೊಡಬೇಕು ಅಂತ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಇದೆ. ಆರು ತಾಸು ಮೀರುವ ಹಾಗಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ಪ್ಯಾಸೆಂಜರ್‌ದು. ಇದನ್ನ ಕೇಳಿದವರು ಜಗಳಗಂಟರಲ್ಲ.

ಕೈ ಎತ್ತಿದವರ ವಿಷಯ ಬೇರೆ. 2017ರ ನಿಯಮದ ಪ್ರಕಾರ ದುಂಡಾವರ್ತನೆಗೆ ಮೂರು ಹಂತ. ಬಾಯಿಮಾತಿನ ಪುಂಡಾಟಕ್ಕೆ ಮೂರು ತಿಂಗಳವರೆಗೆ, ಮೈ ಮುಟ್ಟಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ಒಡ್ಡಿದರೆ ಎರಡು ವರ್ಷ ಅಥವಾ ಹೆಚ್ಚು ಹಾರಾಟ ನಿಷೇಧ. ಪೈಲಟ್-ಇನ್-ಕಮಾಂಡ್ (ಆ ಹಾರಾಟದ ಹೊಣೆ ಹೊತ್ತ ಪೈಲಟ್) ದೂರು ಕೊಡಬೇಕು, ಕಂಪನಿಯ ಸಮಿತಿ 30 ದಿನದಲ್ಲಿ ತೀರ್ಮಾನಿಸಬೇಕು. ದೂರು ಬರೆಯುವಾಗ ವಿಶೇಷಣ ಬೇಡ. ಸೀಟು ನಂಬರ್, ಸಮಯ, ಆಡಿದ ಮಾತು ಇದ್ದಹಾಗೆ, ನೋಡಿದವರು ಯಾರು, ಅಷ್ಟು ಸಾಕು. ಹೆದರಿಕೆಯಿಂದ ಕೂಗುವವನನ್ನೂ ಪುಂಡನನ್ನೂ ಒಂದೇ ಪಟ್ಟಿಗೆ ಹಾಕಬಾರದು. ಹೆದರಿದವನಿಗೆ ಪಕ್ಕದಲ್ಲಿ ಮಂಡಿಯೂರಿ ಎರಡು ಮಾತು ಹೇಳಿದರೆ ತಣ್ಣಗಾಗುತ್ತಾನೆ.

ಇನ್ನು ಗಾಲಿಕುರ್ಚಿಯವರು. ಎಟಿಆರ್ ಮೆಟ್ಟಿಲು ನಾಲ್ಕಾರು ಇದ್ದರೂ ಹತ್ತಲಾಗದವರಿಗೆ ಅದು ಗುಡ್ಡವೇ. ಅವರನ್ನ ಎಲ್ಲರಿಗಿಂತ ಮೊದಲು ಹತ್ತಿಸಿ ಕೊನೆಗೆ ಇಳಿಸೋದು ಪದ್ಧತಿ. ಕಾಕ್‌ಪಿಟ್‌ನಿಂದ "ಇನ್ನೂ ಆಗಲಿಲ್ವಾ" ಅಂತ ಎರಡು ಸಲ ಕೇಳಿದರೆ ಕೆಳಗಿನ ಹುಡುಗರು ಗಡಿಬಿಡಿಯಲ್ಲಿ ಎತ್ತಿ ಕೈ ಜಾರಿಸ್ತಾರೆ. ತಡವಾದ ಹತ್ತು ನಿಮಿಷವನ್ನ ಡಿಲೇ ಕೋಡ್ (ತಡದ ಕಾರಣ ತಿಳಿಸುವ ಸಂಕೇತ) ಹಾಕಿ ಬರೆದುಕೊಳ್ಳಿ, ಅವರ ಮೇಲೆ ಹಾಕಬೇಡಿ.

ರೋಟರ್ ರಾಯಚೂರು

ಹೆಲಿಕಾಪ್ಟರ್ ಕೇಳಿದ್ರಲ್ಲ. ಹಂಪಿ ಉತ್ಸವದ ಆಕಾಶನೋಟ ಇರಲಿ, ಎಲೆಕ್ಷನ್ ಹೊತ್ತಿನ ಹಳ್ಳಿ ಹೆಲಿಪ್ಯಾಡ್ ಇರಲಿ, ನಮ್ಮಲ್ಲಿ ಪ್ಯಾಸೆಂಜರ್‌ಗೆ ಅತಿ ದೊಡ್ಡ ಅಪಾಯ ಆಕಾಶದಾಗಲ್ಲ, ನೆಲದ ಮ್ಯಾಲೆ, ಹತ್ತುವ ಇಳಿಯುವ ಆ ಎರಡು ನಿಮಿಷದಾಗ.

ತಿರುಗೋ ಬಾಲದ ರೋಟರ್ ಕಣ್ಣಿಗೆ ಕಾಣಲ್ಲ. ಅದಕ್ಕೇ ಮೊದಲ ಮಾತು: ಯಾವಾಗಲೂ ಮುಂದಿನಿಂದ, ಪೈಲಟ್ ಕಣ್ಣಿಗೆ ಬೀಳುವಂಗ, ಅವರು ಸನ್ನೆ ಮಾಡಿದ ಮ್ಯಾಲೆ, ಸ್ವಲ್ಪ ಬಗ್ಗಿ ಬರ‍್ರಿ. ಇಳಿದ ಮ್ಯಾಲೆ ಬಾಲದ ಕಡೆ ತಿರುಗಲೇಬ್ಯಾಡ್ರಿ. ನೆಲ ಇಳಿಜಾರಿದ್ದರೆ ತಗ್ಗಿನ ಕಡೆಯಿಂದ ಬರಬೇಕು, ದಿಬ್ಬದ ಕಡೆ ಮೇಲಿನ ರೆಕ್ಕೆ ನೆಲಕ್ಕೆ ಹತ್ತಿರ ಇರತದ. ರೆಕ್ಕೆ ನಿಧಾನ ಆದಂಗ ಗಾಳಿ ಬೀಸಿದರೆ ಬಾಗಿ ಕೆಳಗ ಬರತದ, "ನಿಲ್ಲಾಕ ಬಂದೈತಿ, ಹೋಗೋಣ" ಅನ್ನೋ ಹೊತ್ತೇ ಕೆಟ್ಟದ್ದು. ಜನ ಹೊಸಬರಿದ್ದು ಸಮಯ ಇದ್ದರೆ ಎಂಜಿನ್ ಆರಿಸಿ ರೋಟರ್ ಪೂರ್ತಿ ನಿಂತ ಮ್ಯಾಲೆ ಹತ್ತಿಸೋದೇ ಲೇಸು.

ಸೆರಗು, ದುಪಟ್ಟಾ, ರುಮಾಲು, ಟೋಪಿ ಎಲ್ಲಾ ಕೈಯಾಗ ಹಿಡೀಬೇಕು ಅಥವಾ ಸೊಂಟಕ್ಕೆ ಸಿಗಿಸಬೇಕು. ಸೆಲ್ಫಿ ಕೋಲು, ಛತ್ರಿ ತಲೆ ಮೇಲೆ ಎತ್ತೋಹಂಗಿಲ್ಲ. ಮಕ್ಕಳ ಕೈ ಬಿಡೋಹಂಗಿಲ್ಲ. ನಮ್ಮ ಕಡೆ ಇನ್ನೊಂದು ಪದ್ಧತಿ ಐತಿ, ನಾಯಕರು ಇಳಿಯೋ ಮೊದಲೇ ಹಾರ ಹಿಡಕೊಂಡು ಓಡಿಬರೋದು, ಹೂವಿನ ಎಸಳು ಎರಚೋದು. ಎಸಳು, ಕಾಗದ ಎಂಜಿನ್ ಗಾಳಿಬಾಯಿಗೆ ಹೋದರೆ ಪವರ್ ಬೀಳತದ. ಹೆಲಿಪ್ಯಾಡ್ ಸಿದ್ಧ ಮಾಡೋರಿಗೆ ಮುಂಚೇನೇ ಹೇಳ್ರಿ: ಎರೆ ಹೊಲ ಆದರೆ ಟ್ಯಾಂಕರ್‌ನಿಂದ ನೀರು ಹೊಡೆದು ಧೂಳು ಕೂಡಿಸಬೇಕು, ತಟ್ಟು, ಚೀಲ, ಶಾಮಿಯಾನದ ಬಟ್ಟೆ ಒಂದೂ ಸುತ್ತ ಇರಬಾರದು, ತಡೆ ಕಟ್ಟಿ ಜನರನ್ನ ದೂರ ನಿಲ್ಲಿಸಬೇಕು. ಧೂಳೆದ್ದರೆ ಕೊನೆಯ ಹತ್ತಡಿಯಾಗ ಪೈಲಟ್‌ಗೆ ನೆಲವೇ ಕಾಣಲ್ಲ.

ತೂಕದ ವಿಷಯದಾಗ ನಮಗೆ 75 ಕೆಜಿ ಸರಾಸರಿ ನಡೆಯಲ್ಲ, ನಿಜವಾದ ತೂಕವೇ ಬೇಕು. ರಾಬಿನ್‌ಸನ್ ಆರ್44 ರೇವನ್ 2 ಉದಾಹರಣೆಗೆ ತಗೊಳ್ರಿ. ಪೈಲಟ್ ಸೇರಿ ನಾಲ್ಕೇ ಸೀಟು, ಎಲ್ಲಾ ಸೇರಿ ಗರಿಷ್ಠ 1,134 ಕೆಜಿ, ಒಂದು ಸೀಟಿಗೆ ಅದರ ಕೆಳಗಿನ ಸಾಮಾನು ಸೇರಿ 136 ಕೆಜಿ. ಅದರ ಮ್ಯಾಲೆ ನಮ್ಮ ಬಿಸಿಲು. ಬಳ್ಳಾರಿ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 1,500 ಅಡಿ ಮ್ಯಾಲೈತಿ, ಆ ಎತ್ತರಕ್ಕೆ ಪ್ರಮಾಣದ (ವಿಮಾನದ ಲೆಕ್ಕಕ್ಕೆ ಹಿಡಿಯೋ) ಉಷ್ಣತೆ 12 ಡಿಗ್ರಿ. ಮೇ ತಿಂಗಳ 42ಕ್ಕೆ ಲೆಕ್ಕ ಹಾಕಿದರೆ 30 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 3,600 ಸೇರಿ ಸಾಂದ್ರತೆ ಎತ್ತರ (ಗಾಳಿ ಎಷ್ಟು ತೆಳು ಅನ್ನೋ ಲೆಕ್ಕ) 5,100 ಅಡಿ ಆಗತದ. ಯಂತ್ರಕ್ಕೆ ತಾನು 5,100 ಅಡಿ ಬೆಟ್ಟದ ಮ್ಯಾಲೆ ನಿಂತಂಗ. ಬೆಳಿಗ್ಗೆ ಮೂವರನ್ನ ಒಯ್ದಿದ್ದು ಮಧ್ಯಾಹ್ನ ಇಬ್ಬರನ್ನೇ ಒಯ್ಯಬಹುದು. ಆಗ ಕುಟುಂಬದೊಳಗ ಒಬ್ಬರನ್ನ ಇಳಿಸಬೇಕಾದರೆ ಎಲ್ಲರೆದುರು "ನೀವು ದಪ್ಪ" ಅನ್ನೋಹಂಗ ಮಾಡಬ್ಯಾಡ್ರಿ. ತೂಕದ ಯಂತ್ರವನ್ನ ಟಿಕೆಟ್ ಕೊಡೋ ಜಾಗದಾಗ, ಅಂಕಿ ಸಿಬ್ಬಂದಿಗೆ ಮಾತ್ರ ಕಾಣುವಂಗ ಇಡ್ರಿ. ಯಾರು ಯಾವ ಸೀಟು ಅನ್ನೋದು ಅಲ್ಲೇ ಬರೆದು ಬರಲಿ. ಇಳಿಸೋದಾದರೆ ಬಿಸಿಲಿನ ಕಾರಣ ಹೇಳ್ರಿ, ಅದೇ ನಿಜ.

ಹತ್ತಿದ ಮ್ಯಾಲೆ ಬೆಲ್ಟನ್ನ ಪೈಲಟ್ ಅಥವಾ ಗ್ರೌಂಡ್‌ನವನು ಕೈಯಿಂದ ಎಳೆದು ನೋಡಬೇಕು, ಬಾಗಿಲ ಚಿಲಕ ಹೊರಗಿನಿಂದ ಇನ್ನೊಮ್ಮೆ ನೋಡಬೇಕು. ಬೆಲ್ಟ್ ಬಿಚ್ಚೋದು ಹೆಂಗ, ಬಾಗಿಲು ತೆಗೆಯೋದು ಹೆಂಗ ಅಂತ ಅವರ ಕೈಯಿಂದಲೇ ಮಾಡಿಸ್ರಿ. ಮುಂದಿನ ಸೀಟಿನವರ ಚೀಲ, ಕಾಲು, ಫೋನು ಕಂಟ್ರೋಲ್‌ಗೆ ತಾಕಬಾರದು. ವಾಂತಿ ಚೀಲ ಎಲ್ಲೈತಿ ಅಂತ ಮೊದಲೇ ತೋರಿಸಿರಿ, ಕೇಳೋಕೆ ನಾಚಿಕೊಂಡು ಕೂಡ್ತಾರ. ವಿಟ್ಠಲ ದೇವಸ್ಥಾನ ಚಂದ ಕಾಣಲಿ ಅಂತ ಕಡಿದಾಗಿ ತಿರುವೋದು, "ಥ್ರಿಲ್" ಕೊಡೋಕೆ ಮೂಗು ಬಗ್ಗಿಸೋದು ಇವೆರಡೂ ಪ್ಯಾಸೆಂಜರ್‌ಗೆ ಮಾಡೋ ದ್ರೋಹ. ಅವರು ನೋಡೋಕೆ ದುಡ್ಡು ಕೊಟ್ಟಾರ, ನಿಮ್ಮ ಕೈಚಳಕಕ್ಕಲ್ಲ.

ದೊಡ್ಡವರ ಒತ್ತಡ ಬಗ್ಗೆ ಒಂದು ಮಾತು. "ಇನ್ನೊಂದು ಸಭೆ ಐತಿ, ಹೊತ್ತು ಮುಳುಗೋದರೊಳಗ ಮುಟ್ಟಿಸು" ಅಂತಾರ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಇದ್ದ ಬೆಲ್ 430 ನಮ್ಮ ಪಕ್ಕದ ನಲ್ಲಮಲ ಕಾಡಿನಾಗ ಕೆಟ್ಟ ಹವಾಮಾನಕ್ಕೆ ಸಿಕ್ಕು ಬಿತ್ತು, ಐದೂ ಜನ ಹೋದರು. ಯಾವ ಕುರ್ಚಿಯಾಗ ಕೂತವರಿದ್ದರೂ ಮೋಡಕ್ಕೆ ಅದು ಗೊತ್ತಾಗಲ್ಲ. ಹೊರಡೋ ಮುಂಚೆ, ನೆಲದ ಮ್ಯಾಲೆ ಇದ್ದಾಗಲೇ, ಅವರ ಆಪ್ತ ಸಹಾಯಕರಿಗೆ ಗಡಿಯಾರದ ಹೊತ್ತು ಹೇಳಿಬಿಡ್ರಿ: "ಇಷ್ಟು ಗಂಟೆ ದಾಟಿದರೆ ಹಾರಾಟ ಇಲ್ಲ, ಕಾರ್ ತಯಾರಿರಲಿ." ಕೊನೇ ಗಳಿಗೆಗೆ ಇಲ್ಲ ಅನ್ನೋದಕ್ಕಿಂತ ಬೆಳಿಗ್ಗೇನೇ ಇಲ್ಲ ಅನ್ನೋದು ಸುಲಭ.

ಸೀಟ್ ಬೆಲ್ಟ್ ಗಂಗಾವತಿ

ರೋಟರ್ ಅಣ್ಣಾ, ಬೆಲ್ಟ್ ಬಿಚ್ಚೋದನ್ನ ಅವರ ಕೈಯಿಂದಲೇ ಮಾಡಿಸೋ ಮಾತು ದೊಡ್ಡ ವಿಮಾನಕ್ಕೂ ಒಪ್ಪುತ್ತೆ. ಕಾರಿನ ಬೆಲ್ಟ್ ರೂಢಿಯಾದವರು ಗಾಬರಿಯಲ್ಲಿ ಸೊಂಟದ ಪಕ್ಕ ಗುಂಡಿ ಹುಡುಕ್ತಾರೆ, ವಿಮಾನದ ಬಕಲ್ ಎತ್ತಿ ಬಿಚ್ಚೋದು. ನಲವತ್ತನಾಲ್ಕಕ್ಕಿಂತ ಹೆಚ್ಚು ಸೀಟಿನ ವಿಮಾನವನ್ನ ಅರ್ಧ ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಖಾಲಿ ಮಾಡಬಹುದು ಅಂತ ತೋರಿಸಿದ ಮೇಲೇ ಪ್ರಮಾಣಪತ್ರ ಸಿಗೋದು. ಒಬ್ಬರು ಬಕಲ್‌ಗೆ, ಇನ್ನೊಬ್ಬರು ಮೇಲಿನ ಬ್ಯಾಗಿಗೆ ನಿಂತರೆ ಆ ಲೆಕ್ಕ ಕೆಡುತ್ತೆ.

ಹಾರಾಟದ ಮಧ್ಯೆ ಯಾರಿಗಾದರೂ ಹುಷಾರು ತಪ್ಪಿದರೆ ಕಾಕ್‌ಪಿಟ್‌ನಿಂದ "ಸೀರಿಯಸ್ಸಾ?" ಅಂತ ಕೇಳಬೇಡಿ. ಎಚ್ಚರ ಇದ್ದಾರಾ, ಉಸಿರಾಟ ಹೇಗಿದೆ, ಎದೆನೋವಾ, ವಯಸ್ಸೆಷ್ಟು, ವಿಮಾನದಲ್ಲಿ ಡಾಕ್ಟರ್ ಇದ್ದಾರಾ ಅಂತ ಕೇಳಿ. ಎಟಿಸಿಗೂ ಅದನ್ನೇ ದಾಟಿಸಿದರೆ ಆಂಬುಲೆನ್ಸ್ ಸರಿಯಾದ ತಯಾರಿಯಲ್ಲಿ ನಿಂತಿರುತ್ತೆ. ಎಲ್ಲಿ ಇಳಿಸೋದು ಅನ್ನೋದಕ್ಕೆ ಹತ್ತಿರದ ರನ್‌ವೇ ಒಂದೇ ಉತ್ತರ ಅಲ್ಲ, ಆ ರನ್‌ವೇಯಿಂದ ಹೃದಯದ ಆಸ್ಪತ್ರೆ ಎಷ್ಟು ದೂರ ಅನ್ನೋದೂ ಲೆಕ್ಕ.

ಕೋಟೆಗುಡ್ಡ, ಬಳ್ಳಾರಿ

ಎಲ್ಲಾ ಬರೆದಿಟ್ಟುಕೊಂಡೆ. ಕೊನೆಯದು: ಇಳಿದ ಮೇಲೆ ಬಾಗಿಲಲ್ಲಿ ನಿಂತು ಕಳಿಸಿಕೊಡಬೇಕೇ? ಮಕ್ಕಳು ಕಾಕ್‌ಪಿಟ್ ನೋಡ್ತೀವಿ ಅಂದರೆ?

ಎಡಗಡೆ ಸೀಟು

ಹಾರಾಟದಾಗ ಕಾಕ್‌ಪಿಟ್‌ಗೆ ಯಾರಿಗೂ ಪ್ರವೇಶ ಇಲ್ಲ, ಅದರಾಗ ಮಾತೇ ಇಲ್ಲ. ಸಂಬಂಧಿ, ಗೆಳೆಯ, ಯಾರೇ ಇರಲಿ. ಇಳಿದು, ಎಂಜಿನ್ ನಿಂತು, ಪಾರ್ಕಿಂಗ್ ಚೆಕ್‌ಲಿಸ್ಟ್ ಮುಗಿದ ಮ್ಯಾಲೆ ಕಂಪನಿ ನಿಯಮ ಒಪ್ಪಿದರೆ ಮಗು ಬಾಗಿಲಿಂದ ಇಣುಕಿ ನೋಡಲಿ. ಸ್ವಿಚ್ ಮುಟ್ಟದಂಗ ಒಬ್ಬರು ನಿಂತಿರಬೇಕು.

ಬಾಗಿಲಲ್ಲಿ ನಿಲ್ಲೋದು ಒಳ್ಳೇದು, ಆದ್ರೆ ಅರ್ಧ ತಾಸಿನೊಳಗ ಅದೇ ವಿಮಾನ ಮತ್ತೆ ಹೊರಡೋದಿದ್ದರೆ ಇಂಧನ, ಲೋಡ್‌ಶೀಟ್, ಹವಾಮಾನ ಮೊದಲು. ಅವಸರದಾಗ ಕೈಮುಗಿದು ಬಂದು ಇಂಧನದ ಅಂಕಿ ತಪ್ಪಿಸಿದರೆ ಮುಂದಿನ ಎಪ್ಪತ್ತು ಜನಕ್ಕೆ ಅನ್ಯಾಯ. ಗೋ-ಅರೌಂಡ್ ಆಗಿದ್ದ ದಿನ, ಜೋರು ಕುಲುಕಾಟ ಆಗಿದ್ದ ದಿನ, ಎರಡು ತಾಸು ಲೇಟಾಗಿದ್ದ ದಿನ ಮಾತ್ರ ಹೆಂಗಾದರೂ ಮಾಡಿ ನಿಲ್ಲು. ಕ್ಯಾಪ್ಟನ್ ನಿಲ್ಲಲಿ, ಕಾಗದದ ಕೆಲಸ ನೀನು ಹಿಡಿ, ಇಲ್ಲಾ ಅದಲುಬದಲು ಮಾಡ್ಕೊಳ್ರಿ. ಎಟಿಆರ್‌ನಲ್ಲಿ ಬಾಗಿಲು ಹಿಂದೈತಿ, ಕಾಕ್‌ಪಿಟ್ ಮುಂದೈತಿ. ಹಂಗಾಗಿ ಜನ ಎದ್ದು ಹಾದಿ ತುಂಬೋ ಮೊದಲೇ ಹೊರಡಬೇಕು, ಇಲ್ಲಾ ಮುಂದಿನ ಸಾಲಿನ ಹತ್ತಿರವೇ ನಿಂತು ಕೊನೆಗೆ ಇಳಿಯೋ ಗಾಲಿಕುರ್ಚಿಯವರನ್ನಾದರೂ ಮಾತಾಡಿಸಿ ಕಳಿಸು.